ಅತ್ತೆ ಮೂಸಿದ ಸಿಂಗಲ್ ಮಾಲ್ಟ್

ಕಳೆದ ಭಾನುವಾರ ಮಧ್ಯಾಹ್ನ ಹದಿನೆಂಟು ವರ್ಷದ ವಿಸ್ಕಿಯ ಮುಂದೆ ನನ್ನ ಮಾನ ಹೋಯಿತು. ಅದನ್ನು ಕಳೆದವರು, ಜೀವನದಲ್ಲಿ ಒಂದು ತೊಟ್ಟೂ ಕುಡಿಯದ ನಮ್ಮ ಅತ್ತೆ!

ಅತ್ತೆ ಗೌರಮ್ಮ ಸೂಲಿಬೆಲೆ ಹತ್ತಿರದ ಹಳ್ಳಿಯವರು. ಅಲ್ಲಿನ ಮಹಿಳಾ ಹಾಲಿನ ಸಂಘದಲ್ಲಿ ಇಪ್ಪತ್ತು ವರ್ಷ ಟೆಸ್ಟರ್. ಕ್ಯಾನಿನ ಮುಚ್ಚಳ ಮೂಸಿ ‘ಬೇಡ’ ಅಂದರೆ ಬೇಡ, ಅಪೀಲಿಲ್ಲ. ಹೋದ ವರ್ಷ ಜ್ವರ ಬಂದು ಆ ಮೂಗು ಕೈಕೊಟ್ಟಿತು. ಒಗ್ಗರಣೆ ಸೀದರೂ ಗೊತ್ತಾಗುತ್ತಿರಲಿಲ್ಲ. ದೊಡ್ಡ ಮಗಳು ಸುಮಾ ಸಂಘದಲ್ಲಿ ರಜೆ ಹೇಳಿ, ಅವರನ್ನು ದೇವನಹಳ್ಳಿಯ ತನ್ನ ವಿಲ್ಲಾಗೆ ಕರೆತಂದಳು.

ಎರಡು ತಿಂಗಳಿಂದ ಅತ್ತೆಯದು ಒಂದೇ ಹಟವಾಗಿತ್ತು. “ಮೂಗು ಸರಿಹೋಗೈತೆ, ನಾನು ಹೋಗ್ತೀನಿ.” ನಮ್ಮೆಲ್ಲರದೂ ಒಂದೇ ಉತ್ತರ: ರೆಸ್ಟ್ ತಗೊಳ್ಳಿ. (ನಾನೂ ಹೇಳಿದ್ದೆ, ಅದೂ ತುಂಬಾ ಪ್ರೀತಿಯಿಂದ.) ಸೋಮವಾರದೊಳಗೆ ಬರದಿದ್ದರೆ ಆ ಜಾಗಕ್ಕೆ ಬೇರೆಯವರು ಅಂತ ಸಂಘದವರು ತಿಳಿಸಿದ್ದರು.

ಹೀಗಿರುವಾಗ ಸುಮಾಳ ಗಂಡ, ಅಂದರೆ ನನ್ನ ಷಡ್ಡಕ ಮಂಜು, ಡ್ಯೂಟಿ ಫ್ರೀಯಿಂದ ಬಾಟಲಿ ತಂದ. ಭಾನುವಾರ ಅವನ ಮನೆಯಲ್ಲಿ ಊಟಕ್ಕೆ ಮುಂಚೆ ಭಾಷಣ ಶುರು.

“ಶೆರಿ ಕ್ಯಾಸ್ಕ್ ಗುರು! ಆ ಪೀಪಾಯಲ್ಲಿ ಮೊದ್ಲು ಶೆರಿ ಅನ್ನೋ ದ್ರಾಕ್ಷಿ ವೈನ್ ಇರುತ್ತೆ. ಅದನ್ನ ಖಾಲಿ ಮಾಡಿ ವಿಸ್ಕಿ ತುಂಬ್ತಾರೆ. ಹದಿನೆಂಟು ವರ್ಷ ಮುಟ್ಟಂಗಿಲ್ಲ!”

ಆಮೇಲೆ ಪರೀಕ್ಷೆ: ಹದಿನೆಂಟು ವರ್ಷದ್ದು ಯಾವುದು? ಬಣ್ಣ ಕಾಣಬಾರದೆಂದು ಮೂರು ಸ್ಟೀಲ್ ಲೋಟ, ಹೊರಗಡೆ ತಳಕ್ಕೆ ಅಂಟಿಸಿದ ಹೆಸರಿನ ಚೀಟಿ. ಒಂದರಲ್ಲಿ ಈ ಮಹಾನುಭಾವ, ಒಂದರಲ್ಲಿ ಸಾಧಾರಣ ಸಿಂಗಲ್ ಮಾಲ್ಟ್, ಇನ್ನೊಂದರಲ್ಲಿ ಹೈವೇ ಬಾರಿನ ಅಗ್ಗದ ಕ್ವಾರ್ಟರ್. ಸುಮಾ ನಮಗೆ ಬೆನ್ನು ಹಾಕಿ ಸುರಿದಳು.

ನಾನು ಕುಡಿದೆ, ಕಣ್ಣು ಮುಚ್ಚಿದೆ, “ಆಹಾ” ಅಂದೆ, ಲೋಟ ತೋರಿಸಿದೆ. ಹೈವೇ ಬಾರ್! ಮಂಜು ಬಿದ್ದು ಬಿದ್ದು ನಕ್ಕ. ಸುಮಾ ಲೋಟ ಅದಲು ಬದಲು ಮಾಡಿದಳು. ಈಗ ಅವನು ಗಂಭೀರವಾಗಿ ಕುಡಿದು ತೋರಿಸಿದ್ದು? ಅದೇ ಹೈವೇ ಬಾರ್.

ಬೋಟಿ ಫ್ರೈ ತಂದಿಟ್ಟ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಇತ್ಲಾಗೆ ಕೊಡಿ.”

“ಅಮ್ಮಾ, ನಿಂಗೆ ವಾಸನೇನೇ ಗೊತ್ತಾಗಲ್ವಲ್ಲ!” ಅಂದಳು ಸುಮಾ. ಆದರೂ ಮತ್ತೊಮ್ಮೆ ಅದಲು ಬದಲು ಮಾಡಿ ಮುಂದಿಟ್ಟಳು.

ಅತ್ತೆ ಲೋಟಕ್ಕೆ ಮೂಗಿಡಲೇ ಇಲ್ಲ. ಒಂದೊಂದರ ಮೇಲೂ ಸಾಸರ್ ಮುಚ್ಚಿ, ಅಲುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಸಾಸರ್ ತಿರುವಿ ಮೂಸಿದರು. ಹಾಲಿನ ಕ್ಯಾನಿಗೂ ಇದೇ ಪದ್ಧತಿಯಂತೆ.

“ಇದು ನರ್ಸಮ್ಮ ಇಂಜೆಕ್ಷನ್ನಿಗೆ ಮುಂಚೆ ಒರೆಸೋ ಸ್ಪಿರಿಟ್ಟು. ಇದು ಪರವಾಗಿಲ್ಲ, ಬಿಸ್ಕತ್ ಡಬ್ಬ ತೆಗೆದಂಗೈತೆ.” ಮೂರನೆಯದರ ಸಾಸರನ್ನು ಎರಡು ಸಲ ಮೂಸಿದರು. ಮುಖ ಅರಳಿತು. “ಒಣದ್ರಾಕ್ಷಿ. ಸೀಯೋಕೆ ಒಂಚೂರು ಮುಂಚೆ ಇಳಿಸಿದ ಬೆಲ್ಲದ ಪಾಕ. ಹಳೇ ಮರದ ಪೆಟ್ಟಿಗೆ. ನಿಮ್ ದ್ರಾಕ್ಷಿ ಪೀಪಾಯಿ ಇದೇ ಅಳಿಮಯ್ಯಾ. ನಿನ್ನೆ ಕ್ಯಾನಲ್ಲಿ ಏನಿತ್ತು ಅಂತ ಇವತ್ತಿನ ಹಾಲೇ ಹೇಳುತ್ತೆ.”

ಮಂಜು ಲೋಟ ಎತ್ತಿ ಚೀಟಿ ನೋಡಿದ. ಮೂರಕ್ಕೆ ಮೂರೂ ಸರಿ! ನಾನು ಶಿಳ್ಳೆ ಹೊಡೆದುಬಿಟ್ಟೆ.

ಆಮೇಲೆ ಆ ಮೂರನೇ ಲೋಟವನ್ನು ನಿಧಾನವಾಗಿ ಗುಟುಕರಿಸಿದೆ. ದ್ರಾಕ್ಷಿ ಬಂತು, ಪಾಕ ಬಂತು, ನುಂಗಿದ ಮೇಲೂ ಗಂಟಲಲ್ಲಿ ಬೆಚ್ಚಗೆ ಕೂತಿತು. ಅತ್ತೆ ಹೇಳಿಕೊಡದಿದ್ದರೆ ನನ್ನ ನಾಲಿಗೆಗೆ ಇದೆಲ್ಲ ಎಲ್ಲಿ ಸಿಗುತ್ತಿತ್ತು?

“ಸುಮಾ, ಸಂಘಕ್ಕೆ ಫೋನ್ ಹಾಕು” ಅಂದರು ಅತ್ತೆ. ಅವಳು ತಕ್ಷಣ ಹಾಕಿದಳು. ಸೋಮವಾರ ಬೆಳಿಗ್ಗೆ ಆರಕ್ಕೆ ಗೌರಮ್ಮ ಡ್ಯೂಟಿಯಲ್ಲಿದ್ದರು. ಏಳಕ್ಕೆ ನನಗೆ ಫೋನ್: “ಎರಡು ಕ್ಯಾನ್ ವಾಪಸ್ ಕಳಿಸ್ದೆ!” ಆ ದನಿಯಲ್ಲಿದ್ದ ಖುಷಿಗೆ ಯಾವ ಬಾಟಲಿ ಸಮ?

ಅಂದಹಾಗೆ, ಅತ್ತೆಯ ಮೂಗು ಹೋಗಿದೆ ಅಂತ ಮನೆಮಂದಿಯೆಲ್ಲ ತೀರ್ಮಾನ ಮಾಡಿದ್ದೆವಲ್ಲ, ಎರಡು ತಿಂಗಳಲ್ಲಿ ಒಬ್ಬರಾದರೂ ಅವರ ಕೈಗೆ ಒಂದು ಮಲ್ಲಿಗೆ ಕೊಟ್ಟು ಕೇಳಿದ್ದೆವಾ?