ಕೋಡಿಗೆ ಕಟ್ಟಿಸಿದ ಎರಡು ವರಸೆ ಕಲ್ಲು

ಮಿಡಿಗೇಶಿ ಬೆಟ್ಟದ ಆಚೆ ನಮ್ಮ ಹೊಲದಲ್ಲಿ ನನ್ನದೊಂದು ಅಣೆಕಟ್ಟು ಇದೆ. ನಗಬೇಡಿ. ಹಳ್ಳಕ್ಕೆ ಅಡ್ಡವಾಗಿ ಅಪ್ಪ ಹಾಕಿದ್ದ ಮಣ್ಣಿನ ಏರಿಯನ್ನು ಜೆಸಿಬಿ ತರಿಸಿ ಎತ್ತರಿಸಿದೆ. ಊರವರು ಈಗಲೂ ಅದನ್ನು ಕಟ್ಟೆ ಅನ್ನುತ್ತಾರೆ, ಡ್ಯಾಮು ಅನ್ನುವವನು ನಾನೊಬ್ಬನೇ. ಹೆಂಡತಿ ತೀರಿಕೊಂಡ ಮರುವರ್ಷ, ಗೋಡೆ ನೋಡುತ್ತ ಕೂರುವುದಕ್ಕಿಂತ ನೀರು ನೋಡೋಣ ಎಂದು ಮಾಡಿದ ಕೆಲಸ. ಆಮೇಲೆ ಹಂಸದ ಆಕಾರದ ಪೆಡಲ್ ಬೋಟೂ ಬಂತು. ಮಂಡಿನೋವಿನ ಮನುಷ್ಯ ಹಂಸದ ಹೊಟ್ಟೆಯಲ್ಲಿ ಕೂತು ಏದುಸಿರು ಬಿಡುವುದನ್ನು ನೋಡಲು ಐ.ಡಿ.ಹಳ್ಳಿಯಿಂದಲೂ ಜನ ಬಂದರು.

ಜನ ಕಂಡು ನನಗೆ ಆಸೆ ಹತ್ತಿತು. ಭಾನುವಾರ ಬೋಟಿಂಗ್ ನಡೆಸೋಣ! ಕಟ್ಟೆ ಸುರಕ್ಷಿತ ಎಂದು ಬಲ್ಲವರೊಬ್ಬರು ಹೇಳಲಿ ಎಂದು ತುಮಕೂರಿನಿಂದ ಎಂಜಿನಿಯರಮ್ಮನೊಬ್ಬರನ್ನು ಕರೆಸಿದೆ. ಮೊದಲ ಮಳೆಗೇ ಕಟ್ಟೆ ತುಂಬಿತ್ತು. ಏರಿಯ ಮೇಲೆ ಕಾಲು ಕುಟ್ಟಿ ತೋರಿಸಿದೆ.

"ಆನೆ ನಡೆದರೂ ಅಲ್ಲಾಡಲ್ಲ ಮೇಡಂ."

ಆಕೆ ನೀರಿಗೆ ಬೆನ್ನು ಹಾಕಿ ಕೆಳಗಿನ ತಗ್ಗನ್ನು ನೋಡಿದರು. "ಗಟ್ಟಿ ಇದೆಯಾ ಅನ್ನೋದು ಆಮೇಲೆ. ಒಡೆದರೆ ಯಾರಿಗೆ ಅಪಾಯ ಅನ್ನೋದರ ಮೇಲೆ ಕಟ್ಟೆಯ ದರ್ಜೆ. ಕೆಳಗೆ ಯಾರಿದ್ದಾರೆ?"

"ಯಾರೂ ಇಲ್ಲ ಮೇಡಂ. ನಮ್ಮಕ್ಕ ಒಬ್ಬಳು, ಅಷ್ಟೇ."

ನನ್ನ ಮಾತು ನನ್ನ ಕಿವಿಗೇ ಬಿದ್ದು ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಆಕೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಒಂದು ಜೀವ ಇದ್ದರೂ ಸಾಕು, ಹೆಚ್ಚಿನ ಅಪಾಯದ ದರ್ಜೆ."

ಕೋಡಿಯ ಹತ್ತಿರ ಹೋದವರು ಹೌಹಾರಿದರು. ಹೆಚ್ಚಾದ ನೀರು ಹೊರಗೆ ಹರಿಯಲೆಂದು ಅಪ್ಪ ಬಿಟ್ಟಿದ್ದ ದಾರಿ ಅದು. ಅದರ ಮೇಲೆ ನಾನು ಎರಡು ವರಸೆ ಕಲ್ಲು ಕಟ್ಟಿಸಿ ಸಿಮೆಂಟು ಬಳಿಸಿದ್ದೆ. ಏನು ಮಾಡುವುದು, ಹರಿದು ಹೋಗುವ ನೀರು ಕಂಡರೆ ನಮ್ಮ ಸೀಮೆಯವರಿಗೆ ಹೊಟ್ಟೆ ಉರಿಯುತ್ತದೆ. ಮನೆಗೆ ಬಂದ ಲಕ್ಷ್ಮಿಯನ್ನು ಕತ್ತು ಹಿಡಿದು ದಬ್ಬುವುದುಂಟೇ? ಅವತ್ತು ಊರೆಲ್ಲ ಭೇಷ್ ಅಂದಿತ್ತು.

"ಜೋರು ಮಳೆ ಬಂದರೆ ನೀರು ಏರಿಯ ಮೇಲೇ ಹತ್ತುತ್ತೆ. ಮಣ್ಣು ಕೊಚ್ಚಿಹೋಗುತ್ತೆ. ಮೊದಲು ಈ ಕಲ್ಲು ತೆಗೆಸಿ," ಎಂದು ಹೇಳಿ ಹೋದರು.

ನನಗೆ ಸಿಟ್ಟು ನೆತ್ತಿಗೇರಿತು. ಕಲ್ಲು ತೆಗೆಯುವ ಬದಲು ಅಕ್ಕನನ್ನೇ ತೆಗೆದರೆ ದರ್ಜೆ ಇಳಿಯುತ್ತದಲ್ಲ ಎಂದು ಹೊಳೆಯಿತು. ಅಂಥ ಬುದ್ಧಿವಂತ ನಾನು. ತಗ್ಗಿನ ಹೊಲ ಅವಳ ಪಾಲಿಗೆ ಬಂದದ್ದು, ಮನೆಯೂ ಅಲ್ಲೇ. ಹೋದಾಗ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು.

"ಅಕ್ಕ, ಮಳೆಗಾಲ ಮುಗಿಯೋಗಂಟ ನಮ್ಮನೆಗೆ ಬಂದ್ಬುಡು."

"ಯಾಕ್ಲಾ? ನಿನ್ನ ನೀರಿಗೆ ಜಾಗ ಸಾಲ್ದಾ?"

"ಕಟ್ಟೆ ಒಡೆದ್ರೆ ನಿಂಗೆ ಅಪಾಯ ಅಂತಾರೆ."

ಅವಳು ಮೊರ ಕೆಳಗಿಟ್ಟಳು. "ಈಗ ಗೊತ್ತಾಯ್ತೇನ್ಲಾ? ನೀನು ಏರಿ ಎತ್ತರಿಸ್ದಾಗಿಂದ ಮಳೆ ಹುಯ್ದ್ರೆ ನಾನು ಮಲಗಿಲ್ಲ. ಸದ್ದು ಬಂದ್ರೆ ದಿಣ್ಣೆ ಹತ್ತಾನ ಅಂತ ಬಾಗ್ಲು ತೆಕ್ಕಂಡು ಕುಂತಿರ್ತೀನಿ."

"ಹೇಳಾಕೇನಾಗಿತ್ತು ನಿಂಗೆ?" ಎಂದು ಕೂಗಿದೆ. ತಪ್ಪು ನನ್ನದಾದಾಗ ನನ್ನ ದನಿ ಇನ್ನೂ ಜೋರು.

"ಹೆಂಡ್ತಿ ಹೋದ್ಮೇಲೆ ತುತ್ತು ಮುಟ್ತಿರ್ಲಿಲ್ಲ ನೀನು. ಆ ನೀರು ನಿಂತ್ಮೇಲೆ ಕಣ್ಲಾ ಉಣ್ಣಾಕೆ ಶುರು ಮಾಡಿದ್ದು. ಹೆಂಗೆ ಹೇಳ್ಲಿ?"

ಹಾರೆ ಎತ್ತಿಕೊಂಡು ಹೋಗಿ ಕೋಡಿಯ ಕಲ್ಲು ಮೀಟತೊಡಗಿದೆ. "ತುಂಬಿದ ನೀರು ಆಚೆಗೆ ಬುಡ್ತಾವನಲ್ಲಪ್ಪ, ತಲೆ ಕೆಟ್ಟೈತಾ?" ಎಂದು ಹೋಗಿಬರುವವರೆಲ್ಲ ಬೈದರು. ನಿಜ ಹೇಳುತ್ತೇನೆ, ಹರಿದುಹೋಗುವ ನೀರು ನೋಡಿ ನನಗೂ ಹೊಟ್ಟೆ ಉರಿಯಿತು.

ಆ ವಾರವೇ ರಾತ್ರಿಯಿಡೀ ಮಳೆ ಹುಯ್ದಿತು. ಬೆಳಗಾಗುತ್ತಲೇ ಓಡಿದೆ. ಅಕ್ಕನ ಮನೆಯ ಬಾಗಿಲು ಹಾಕಿತ್ತು. ದಬದಬ ಬಡಿದೆ.

"ಯಾವನ್ಲಾ ಅವನು," ಎಂದು ಒಳಗಿನಿಂದ ಬೈದಳು, "ಮಲಗಾಕೂ ಬುಡಾಕಿಲ್ಲ!"