ಕಿಸೇನೂ ಮೈ ಮ್ಯಾಲೇ ಐತಲ್ಲ

ನಮ್ಮವರು ಬಾದಾಮಿಯ ಗುಹೆಗಳಲ್ಲಿ ಮೂವತ್ತು ವರ್ಷ ಗೈಡ್ ಆಗಿದ್ದರು. ಮೂವತ್ತು ವರ್ಷ ಅದೇ ಮೆಟ್ಟಿಲು, ಅದೇ ಮಂಗಗಳು, ಅದೇ ಹದಿನೆಂಟು ಕೈಯ ನಟರಾಜ. ಬಂದವರ ಮುಂದೆ ಒಂದೊಂದೇ ಕೈ ಎಣಿಸಿ ತೋರಿಸುವಾಗ ಅವರ ದನಿಯ ಹುರುಪು ಕೊನೆಯ ದಿನದವರೆಗೂ ಇಳಿಯಲಿಲ್ಲ ಎಂದು ಜನ ಹೇಳುತ್ತಾರೆ. ನನಗೆ ಗೊತ್ತಿಲ್ಲ. ಮದುವೆಯಾದ ವರ್ಷ ಒಮ್ಮೆ ಕೇಳಲು ಹೋಗಿ, ಎರಡನೇ ಗುಹೆಗೇ ಸಾಕಾಗಿ ಇಳಿದು ಬಂದಿದ್ದೆ. ನಾನು ಹುನಗುಂದದವಳು, ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿದವಳು. ಇನ್ನೊಬ್ಬರು ನನಗೆ ವಿವರಿಸಿ ಹೇಳುವುದು ನನಗೆ ಸೇರುವುದಿಲ್ಲ. ನಾನು ಹೇಳಬೇಕು, ಉಳಿದವರು ಕೇಳಬೇಕು. ಈ ಸ್ವಭಾವದಿಂದ ಏನಾಯಿತು ಎನ್ನುವುದನ್ನೇ ಬರೆಯಲು ಕೂತಿದ್ದೇನೆ.

ಹಿಮದಲ್ಲಿ ನಡೆಯುವ ಹುಚ್ಚು ಅವರಿಗೆ ಹತ್ತಿದ್ದು ಒಬ್ಬ ವಿದೇಶಿ ಮುದುಕಿಯಿಂದ. ಗುಹೆ ನೋಡಿ ಮುಗಿದ ಮೇಲೆ ಆಕೆ ಮೆಟ್ಟಿಲ ಮೇಲೆ ಕೂತು ತನ್ನ ಊರಿನ ಫೋಟೋ ತೋರಿಸಿದಳಂತೆ. ಬೂಟಿನ ಕೆಳಗೆ ಅಗಲವಾದ ಹಲಗೆಯಂಥದ್ದನ್ನು ಕಟ್ಟಿಕೊಂಡು, ಆಳೆತ್ತರದ ಹಿಮದ ಮೇಲೆ ಹೂತುಹೋಗದೆ ನಡೆಯುತ್ತಿದ್ದ ಫೋಟೋ. ಅವತ್ತು ಮನೆಗೆ ಬಂದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಏ, ಕೇಳಿಲ್ಲಿ. ಕಾಲಿಗೆ ಕೇರೋ ಮೊರಾ ಕಟ್ಕೊಂಡು ಬರ್ಫದ ಮ್ಯಾಲೆ ಅಡ್ಡಾಡ್ತಾರಂತ. ಮುಳಗೂದಿಲ್ಲಂತ."

"ಬಿಸಲು ನಿಮ್ಮ ತಲಿಗೆ ಏರೇತಿ. ಕೈಕಾಲು ತೊಳಕೊಂಡು ಉಣ್ಣಾಕ ಬರ್ರಿ," ಅಂದೆ.

ನಮ್ಮ ಕಡೆ ಬರ್ಫ ಎಂದರೆ ಕೈಗಾಡಿಯಲ್ಲಿ ಬಣ್ಣದ ನೀರು ಸುರಿದು ಕೊಡುವ ಗೋಲಾ. ಅದರ ಮೇಲೆ ನಡೆಯುವುದು ಎಂದರೆ ನಗುವ ಮಾತು. ಆದರೆ ಅವರು ಬಿಡಲಿಲ್ಲ. ಹತ್ತು ಹನ್ನೆರಡು ವರ್ಷ ಆ ಮಾತು ಮನೆಯಲ್ಲಿ ಓಡಾಡಿಕೊಂಡಿತ್ತು. ಅವರಿಗೆ ಅರವತ್ತು ತುಂಬಿದಾಗ, ಬಾಗಲಕೋಟೆಯ ನವನಗರದಲ್ಲಿರುವ ಮಗಳು ಹಿಮಾಚಲದ ಒಂದು ಕಣಿವೆಗೆ ಗೈಡ್ ಸಮೇತ ಐದು ದಿನದ ಹಿಮನಡಿಗೆಯ ಪ್ರವಾಸ ಗೊತ್ತು ಮಾಡಿಬಿಟ್ಟಳು. ಬೆಟ್ಟಕ್ಕಿಂತ ಹೆಚ್ಚಾಗಿ ಅವರಿಗೆ ಖುಷಿಯಾದದ್ದು ಆ 'ಗೈಡ್ ಸಮೇತ' ಎನ್ನುವ ಮಾತಿಗೆ. "ಜಲ್ಮದಾಗ ಒಮ್ಮೆರೆ ಯಾರರೆ ನನಗ ತೋರಸ್ಲಿ. ನಾ ಸುಮ್ನ ಹಿಂದ ನಡೀತೇನಿ," ಅಂದರು. ಸುಮ್ಮನೆ ನಡೆಯುವ ಪೈಕಿಯವರಲ್ಲ ಎಂದು ನನಗೆ ಗೊತ್ತಿತ್ತು.

ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಮೀನಗಡದ ಕರದಂಟು ಕಟ್ಟಿಕೊಂಡು ಫೆಬ್ರುವರಿಯಲ್ಲಿ ಹೊರಟೆವು. ಎರಡು ರೈಲು, ಒಂದು ಬಸ್ಸು, ಕೊನೆಗೊಂದು ಜೀಪು. ನಮ್ಮನ್ನು ಕರೆದೊಯ್ಯಲು ಬಂದ ಗೈಡ್ ಐವತ್ತರ ಆಸುಪಾಸಿನ ಹೆಣ್ಣುಮಗಳು. ಸೇಬಿನ ತೋಟದ ಅಂಚಿನ ಅವಳ ಮನೆಯಲ್ಲೇ ನಮ್ಮ ವಸತಿ. ಜೊತೆಗೆ ಪುಣೆಯಿಂದ ಬಂದ ನಾಲ್ವರಿದ್ದರು. ಮೊದಲ ದಿನ ಅವಳು ನಮ್ಮ ಬೂಟಿಗೆ ಆ ಅಗಲವಾದ ಪಾದಗಳನ್ನು ಕಟ್ಟಿ, ಕಾಲು ಅಗಲಿಸಿ ನಡೆಯುವುದನ್ನು ಕಲಿಸಿದಳು. ನಮ್ಮವರು ತಮ್ಮ ಬಾಗಲಕೋಟೆ ಹಿಂದಿಯಲ್ಲಿ ಅವಳಿಗೆ ತಿರುಗಿ ಪಾಠ ಹೇಳಿದರು. "ಬೆಹೆನ್‌ಜಿ, ತುಮ್ ಗೈಡ್, ಹಮ್ ಭಿ ಗೈಡ್. ಪಹಲೆ ಜನಾ ಕೋ ನಿಲ್ಲಾನಾ, ಬಾದ್ ಮೆ ಬೋಲನಾ." ನಿಲ್ಲಿಸುವುದಕ್ಕೆ 'ನಿಲ್ಲಾನಾ' ಅಂದರು. ಅವಳಿಗೆ ಅದು ಹೇಗೆ ತಿಳಿಯಿತೋ, ಮುಂದಿನ ತಿರುವಿನಿಂದ ನಿಜವಾಗಿಯೂ ಎಲ್ಲರನ್ನೂ ನಿಲ್ಲಿಸಿಯೇ ಮಾತಾಡತೊಡಗಿದಳು. ಅವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಮಗಳ ಮದುವೆಯಲ್ಲೂ ನೋಡಿರಲಿಲ್ಲ.

ಎರಡನೆಯ ದಿನ ಏರು ಹೆಚ್ಚಿತ್ತು. ಬೆನ್ನಿನ ಚೀಲ ಅಲ್ಲಾಡದಂತೆ ಎದೆಯ ಮೇಲೆ ಅಡ್ಡ ಪಟ್ಟಿ ಬಿಗಿಯಬೇಕು. ನಮ್ಮವರ ಎದೆಯ ಮೇಲೆ, ಸ್ವೆಟರಿನ ಒಳಗೆ, ಲಿಂಗದ ಕರಡಿಗೆ ಇತ್ತು. ನಮ್ಮ ಪೈಕಿ ಮಗು ಹುಟ್ಟಿದ ಕೆಲವೇ ದಿನಕ್ಕೆ ಇಷ್ಟಲಿಂಗ ಕಟ್ಟುತ್ತಾರೆ. ಅದು ಮೈ ಬಿಟ್ಟು ಇರಬಾರದು. ಸತ್ತ ಮೇಲೂ ಎಡಗೈಯಲ್ಲಿ ಇಟ್ಟೇ ಮಣ್ಣು ಮಾಡುತ್ತಾರೆ. ನಮ್ಮ ಅತ್ತೆಯವರು ತಮ್ಮ ಕಾಲಿನ ಕಡಗ ಕರಗಿಸಿ, ಮಗನ ಲಿಂಗವಿಡಲು ಆ ಬೆಳ್ಳಿಯ ಕರಡಿಗೆ ಮಾಡಿಸಿದ್ದರು. ಹಾಗಂತ ನಮ್ಮವರು ದೊಡ್ಡ ಶಿವಭಕ್ತರೇನಲ್ಲ. ಚಹಾ ಕುಡಿದು, ಪೇಪರ್ ಓದಿ, ಗೈಡ್‌ಗಳ ಸ್ಟ್ಯಾಂಡಿನಿಂದ ಫೋನ್ ಬರುವುದರೊಳಗೆ ಗಡಿಬಿಡಿಯ ಪೂಜೆ ಮುಗಿಸುವವರು. ಆ ವಿಷಯಕ್ಕೆ ನಾನು ದಿನಾ ಗೊಣಗುತ್ತಿದ್ದೆ.

ಅರ್ಧ ದಾರಿಯಲ್ಲಿ ಅವರು ನಿಂತು ಎದೆ ನೀವಿಕೊಳ್ಳುವುದು ಕಂಡಿತು. ಸ್ವಲ್ಪ ದೂರ ಹೋಗಿ ಮತ್ತೆ ನೀವಿಕೊಂಡರು.

"ಏನಾತ್ರಿ?"

"ಏನಿಲ್ಲ. ಇಲ್ಲಿ ಒತ್ತಿದಂಗ ಆಗತೈತಿ."

ಕಾರಣ ನನ್ನ ಕಣ್ಣ ಮುಂದೇ ಇತ್ತು. ಮೇಲೆ ಬಿಗಿದ ಪಟ್ಟಿ, ಕೆಳಗೆ ಬೆಳ್ಳಿಯ ಗಟ್ಟಿ ಕರಡಿಗೆ. ಒತ್ತದೆ ಇನ್ನೇನಾಗುತ್ತದೆ?

"ಕರಡಗಿ ಒತ್ತಾಕತ್ತೇತಿ. ತಗದು ಕಿಸೇದಾಗ ಇಟ್ಕೊರ್ರಿ."

"ಮೈ ಬಿಟ್ಟು ಇಡಬಾರ್ದು."

"ಕಿಸೇನೂ ಮೈ ಮ್ಯಾಲೇ ಐತಲ್ಲ. ಎಲ್ಲಿ ಹೋಗತೈತಿ?"

ಅವರು ನಕ್ಕರು. "ಮಾಸ್ತರಬಾಯಿ ಲೆಕ್ಕ," ಅಂದು, ಶಿವದಾರ ಕೊರಳಿಂದ ತೆಗೆದು, ಕರಡಿಗೆಗೆ ಸುತ್ತಿ, ಕಣ್ಣಿಗೊತ್ತಿಕೊಂಡು ಕೋಟಿನ ಕಿಸೆಗೆ ಹಾಕಿದರು. ಕಿಸೆಗೆ ಜಿಪ್ ಇತ್ತು. ಎಳೆದುಕೊಂಡರೋ ಇಲ್ಲವೋ ನಾನು ನೋಡಲಿಲ್ಲ. ಅವರು ನನ್ನ ಮಾತು ಕೇಳಿದರು ಎನ್ನುವಷ್ಟಕ್ಕೇ ನನಗೆ ಸಮಾಧಾನವಾಗಿತ್ತು.

ಮೇಲೆ ದೊಡ್ಡ ಬಯಲು. ಕಣ್ಣು ಹಾಯಿಸಿದಷ್ಟೂ ಬಿಳುಪು, ಒಂದು ಹೆಜ್ಜೆಯ ಗುರುತೂ ಇಲ್ಲ. ಕೆಂಪು ಕಲ್ಲಿನ ಊರಿನ ಮನುಷ್ಯ ಬಗ್ಗಿ ಒಂದು ಹಿಡಿ ಹಿಮ ಎತ್ತಿ ಮೂಸಿ ನೋಡಿದರು. ಆಮೇಲೆ ಚೀಲ ಕೆಳಗಿಟ್ಟು, ಕಾಲಿನ ಮೊರ ಬಿಚ್ಚಿ, ಇಳಿಜಾರಿನಲ್ಲಿ ಅಡ್ಡ ಮಲಗಿ ಉರುಳಿಕೊಂಡು ಹೋದರು. ಅರವತ್ತು ವರ್ಷದ ಗಂಡಸು. ಪುಣೆಯವರು ಚಪ್ಪಾಳೆ ತಟ್ಟಿದರು. ನಾನು ನಗುತ್ತ ಮೊಬೈಲಿನಲ್ಲಿ ವಿಡಿಯೋ ಮಾಡಿದೆ. ಎದ್ದರು, ಮತ್ತೆ ಹತ್ತಿ ಬಂದರು, ಮತ್ತೆ ಉರುಳಿದರು. ಮೂರು ಸಲ.

ಬುತ್ತಿ ಬಿಚ್ಚುವ ಹೊತ್ತಿಗೆ ಅವರ ಕೈ ಕಿಸೆಗೆ ಹೋಯಿತು. ನಂತರ ಇನ್ನೊಂದು ಕಿಸೆಗೆ. ಮುರಿದು ಹಿಡಿದಿದ್ದ ರೊಟ್ಟಿಯನ್ನು ಮೆಲ್ಲಗೆ ಡಬ್ಬಿಯೊಳಗೆ ಹಾಕಿ ಮುಚ್ಚಿದರು.

ಎಲ್ಲರೂ ಹುಡುಕಿದೆವು. ವಿಡಿಯೋವನ್ನು ಮತ್ತೆ ಮತ್ತೆ ನೋಡಿ, ಎಲ್ಲಿ ಉರುಳಿದ್ದರು, ಎಲ್ಲಿ ಎದ್ದಿದ್ದರು ಎಂದು ಗೆರೆ ಹಾಕಿದಂತೆ ಗುರುತು ಮಾಡಿದೆ. ಆದರೆ ಹಿಮ ಹಿಟ್ಟಿನ ಹಾಗೆ, ಕೈ ಹಾಕಿದಲ್ಲಿ ಒಳಗಿಳಿಯುತ್ತಿತ್ತು. ಏನು ಕಳೆದಿದೆ ಎಂದು ಆ ಹೆಣ್ಣುಮಗಳು ಕೇಳಿದಾಗ, ಹಿಂದಿಯಲ್ಲಿ ಹೇಗೆ ಹೇಳುವುದೆಂದು ನಾನು ತಡವರಿಸಿದೆ. ನಮ್ಮವರೇ ಹೇಳಿದರು, "ಹಮಾರಾ ಭಗವಾನ್ ಗಿರ್ ಗಯಾ." ಪುಣೆಯವರಲ್ಲಿ ಒಬ್ಬರು ಬಾಯಿ ಮುಚ್ಚಿಕೊಂಡು ನಕ್ಕರು. ಅವಳು ನಗಲಿಲ್ಲ. ತಮ್ಮೂರಿನಲ್ಲೂ ದೇವರನ್ನು ಹೊತ್ತು ತಿರುಗುತ್ತೇವೆ, ಹೆಗಲ ಮೇಲಿನ ದೇವರು ಬಿದ್ದರೆ ನಾವೂ ಉಣ್ಣುವುದಿಲ್ಲ ಎಂದಳು. ಮೊಣಕಾಲೂರಿ, ಕೈಗವಸು ಬಿಚ್ಚಿ, ಬರಿಗೈಯಲ್ಲಿ ಹಿಮ ಬಗೆಯತೊಡಗಿದಳು. ಬಿಸಿಲು ಇಳಿಯುವವರೆಗೂ ಬಗೆದಳು. ಮರುದಿನ ಉಳಿದವರನ್ನು ತನ್ನ ತಮ್ಮನ ಜೊತೆ ಬೇರೆ ದಾರಿಗೆ ಕಳಿಸಿ, ನಮ್ಮಿಬ್ಬರನ್ನು ಮತ್ತೆ ಅಲ್ಲಿಗೇ ಕರೆದೊಯ್ದಳು. ಅವತ್ತು ಬೆಳಗ್ಗೆ ಹೊಸ ಹಿಮ ಬಿದ್ದು ಗುರುತುಗಳೆಲ್ಲ ಮುಚ್ಚಿದ್ದವು.

ಅವರು ಊಟ ಬಿಟ್ಟರು. ಲಿಂಗ ಕಳೆದರೆ ಹೊಸದು ಕಟ್ಟಿಸಿಕೊಳ್ಳುವತನಕ ಬಾಯಿಗೆ ಅನ್ನ ಹಾಕಬಾರದು ಎಂದು ಅವರ ತಾಯಿ ಕಲಿಸಿದ್ದರಂತೆ. ಚಹಾ ಕುಡಿದು ಪೂಜೆಗೆ ಕೂರುವ ಮನುಷ್ಯ ಇದೊಂದನ್ನು ಇಷ್ಟು ಬಿಗಿಯಾಗಿ ಹಿಡಿಯುತ್ತಾರೆಂದು ಮೂವತ್ನಾಲ್ಕು ವರ್ಷ ಜೊತೆಗಿದ್ದ ನನಗೆ ಗೊತ್ತಿರಲಿಲ್ಲ. ಬರೀ ನೀರು, ಒಂದೆರಡು ಬಾಳೆಹಣ್ಣು. ಆ ಹೆಣ್ಣುಮಗಳು ಪ್ರತಿ ಊಟಕ್ಕೂ ಒಂದು ತಟ್ಟೆ ಹಾಕಿ ತಂದು, ಅವರ ಮುಂದೆ ಸ್ವಲ್ಪ ಹೊತ್ತು ನಿಂತು, ಹಾಗೇ ಒಯ್ಯುತ್ತಿದ್ದಳು. ನಾಲ್ಕನೆಯ ದಿನವೇ ಹೊರಟುಬಿಟ್ಟೆವು. ರೈಲಿನಲ್ಲಿ ನಾನು ಅತ್ತುಬಿಟ್ಟೆ. "ನಂದ ತಪ್ಪು," ಅಂದೆ. ಅವರು ಕಿಟಕಿಯಿಂದ ಮುಖ ತಿರುಗಿಸಿ, "ಊರಾಗ ಯಾರ ಮುಂದೂ ಹಂಗ ಅನಬ್ಯಾಡ. ನಾ ಕಿಸೇದ ಜಿಪ್ ಹಾಕ್ಕೊಂಡಿಲ್ಲ, ಅಷ್ಟ," ಅಂದರು.

ಶಿವಯೋಗ ಮಂದಿರದ ಕಡೆಯಿಂದ ಹಿರಿಯ ಅಯ್ಯನವರೊಬ್ಬರು ಮನೆಗೆ ಬಂದು ಹೊಸ ಲಿಂಗ ಕಟ್ಟಿದರು. ಬೈಯುತ್ತಾರೇನೋ ಎಂದು ನಾನು ಹೆದರಿಕೊಂಡಿದ್ದೆ. "ಆಗಿದ್ದಾತು. ಭಾಳ ಸೊರಗೀರಿ, ಮೊದಲ ಉಣ್ರಿ," ಅಂದರು. ಬೈದವರು ಇಳಕಲ್ಲಿನಲ್ಲಿರುವ ನಮ್ಮವರ ಅಕ್ಕ. ಮನೆತನಕ ಬಂದು, ನಿಂತ ಕಾಲಲ್ಲೇ ತಮ್ಮನನ್ನು ಬೈದರು. "ಅವ್ವನ ಕಾಲಗಡಗ ಅದು. ಮೈ ಮ್ಯಾಲೆ ಖಬರ್ ಇರಲಿಲ್ಲೇನೋ ನಿನಗ?" ಅವರು ತಲೆ ತಗ್ಗಿಸಿ ಕೂತು ಕೇಳಿಸಿಕೊಂಡರು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಹೊರಗೆ ಬಂದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ.

ಆಮೇಲೆ ಅವರಿಗೊಂದು ಚಾಳಿ ಬಿತ್ತು. ಮಾತಾಡುತ್ತ ಆಡುತ್ತ ಕೈ ಎದೆಗೆ ಹೋಗುತ್ತಿತ್ತು. ಅಂಗೈಯನ್ನು ಅಲ್ಲಿ ಒತ್ತಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ಸಂತೆಯಿಂದ ಬರುವಾಗ ಅರ್ಧಕ್ಕೆ ನಿಂತು ಹಾಗೆ ಮಾಡುತ್ತಿದ್ದರು, ಮೆಟ್ಟಿಲ ಮೇಲೆ ಮಾಡುತ್ತಿದ್ದರು. ಹಳೆಯದನ್ನು ತಡಕಾಡುತ್ತಿದ್ದಾರೆ ಎಂದುಕೊಂಡೆ. ಅರವತ್ತು ವರ್ಷ ಅಲ್ಲಿದ್ದದ್ದು ಈಗ ಇಲ್ಲ, ಕೈಗೆ ಇನ್ನೂ ಒಗ್ಗಿಲ್ಲ ಎಂದುಕೊಂಡೆ. ಪ್ರತಿ ಸಲವೂ ನನಗೆ ನಾಚಿಕೆಯಾಗಿ ಬೇರೆ ಕಡೆ ನೋಡುತ್ತಿದ್ದೆ. ಏನಾಗುತ್ತಿದೆ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದರೆ ನನ್ನ ತಪ್ಪಿನ ಮಾತು ಬರುತ್ತದೆ ಎನ್ನುವ ಅಂಜಿಕೆ.

ಏಪ್ರಿಲ್‌ನ ಒಂದು ಬೆಳಗ್ಗೆ ಚಹಾದ ಕಪ್ಪು ಕೈಯಲ್ಲಿರುವಂತೆಯೇ ಒರಗಿದರು. ಬಾಗಲಕೋಟೆಯ ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು, ಮೆಲ್ಲಗೆ ಕೇಳಿದರು.

"ಮೊದಲ ಯಾವಾಗರೆ ಎದಿ ಒತ್ತಿದಂಗ, ಹಿಂಡಿದಂಗ ಆಗ್ತೈತಿ ಅಂತಿದ್ರೇನ್ರಿ? ಏರು ಹತ್ತುವಾಗ, ನಡಿಯೂವಾಗ?"

ನಾನು ಇಲ್ಲ ಎನ್ನಲು ಬಾಯಿ ತೆರೆದೆ. ಆಗ ಆ ಬಿಳಿ ಏರು, ಎದೆ ನೀವಿಕೊಳ್ಳುತ್ತ ನಿಂತ ಅವರು, ಎಲ್ಲ ಒಮ್ಮೆಲೇ ಕಣ್ಣಿಗೆ ಬಂತು. ಕರಡಿಗೆ ಒತ್ತಿರಲಿಲ್ಲ. ಪಟ್ಟಿಯೂ ಒತ್ತಿರಲಿಲ್ಲ. ಮೈ ತನ್ನ ಕಷ್ಟವನ್ನು ಬಿಡಿಸಿ ಹೇಳುತ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿ ಲಿಂಗ ತೆಗೆಸಿದ್ದೆ. ಆಮೇಲೆ ಎರಡು ತಿಂಗಳು ಅದು ಹೇಳುತ್ತಲೇ ಇತ್ತು, ನಾನು ಮುಖ ತಿರುಗಿಸುತ್ತಲೇ ಇದ್ದೆ. ಮಗಳು ನನ್ನ ತೋಳು ಹಿಡಿದು ಕೂರಿಸಿದಳು.

ಮಣ್ಣು ಮಾಡುವಾಗ ಅವರನ್ನು ಕೂರಿಸಿ ಎಡಗೈಯಲ್ಲಿ ಹೊಸ ಲಿಂಗ ಇಟ್ಟರು. ಎರಡು ತಿಂಗಳ ಪರಿಚಯದ ಲಿಂಗ. ಅಕ್ಕ ಅದನ್ನು ನೋಡಿ ನನ್ನ ಹೆಗಲಿಗೆ ಹಣೆ ಹಚ್ಚಿ ಅತ್ತರು. "ಸುಮ್ನ ಬೈದ್ನಿ ಅಂವಗ," ಅಂದರು. ಬೈಯಬೇಕಾದದ್ದು ನನ್ನನ್ನು ಎಂದು ಆಗಲೂ ನನ್ನ ಬಾಯಿಗೆ ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅಕ್ಕನಿಗೆ ಓದಲು ಬರುವುದಿಲ್ಲ.

ಜೂನ್‌ನಲ್ಲಿ, ಒಬ್ಬಳಿಗೆ ಎಷ್ಟು ಹಿಟ್ಟು ನಾದಬೇಕು ಎನ್ನುವುದೇ ಇನ್ನೂ ಕೈಗೆ ಹತ್ತದ ದಿನಗಳಲ್ಲಿ, ಒಂದು ಮಧ್ಯಾಹ್ನ ಫೋನ್ ಬಂತು. ಹಿಮಾಚಲದ ಆ ಹೆಣ್ಣುಮಗಳು. ನಾನು ಅವಳಿಗೆ ಏನನ್ನೂ ತಿಳಿಸಿರಲಿಲ್ಲ. ಹಿಮ ಪೂರ್ತಿ ಕರಗಿದೆ, ನೆಲ ಕಂಡಿದೆ, ಹುಲ್ಲು ಚಿಗುರಿದೆ ಎಂದಳು. ವಾರಕ್ಕೊಮ್ಮೆ ಹೋಗಿ ಹುಡುಕುತ್ತಿದ್ದಾಳೆ, ಕುರಿ ಮೇಯಿಸುವವರಿಗೂ ಹೇಳಿಟ್ಟಿದ್ದಾಳೆ, ಇನ್ನೂ ಸಿಕ್ಕಿಲ್ಲ. ಆಮೇಲೆ ಕೇಳಿದಳು.

"ಭಾಯಿಸಾಹೇಬರು ಈಗ ಊಟ ಮಾಡುತ್ತಾರಲ್ಲ?"

ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡೆ.

"ಮಾಡುತ್ತಾರೆ," ಅಂದೆ.

ಅವಳು ನಿರಾಳವಾಗಿ ಉಸಿರು ಬಿಟ್ಟದ್ದು ಅಷ್ಟು ದೂರದಿಂದಲೂ ಕೇಳಿಸಿತು. ಮಳೆಗಾಲ ಮುಗಿದ ಮೇಲೆ ಹಳ್ಳದ ದಂಡೆಯಲ್ಲಿ ಹುಡುಕುತ್ತೇನೆ, ಸಿಕ್ಕೇ ಸಿಗುತ್ತದೆ ಎಂದು ಅವರಿಗೆ ಹೇಳಿ ಅಂದಳು. ಹೇಳುತ್ತೇನೆ ಅಂದೆ.