ಇನ್ನೊಮ್ಮೆ ಚುಚ್ಚಿಕೊಳ್ಳಬೇಡಿ

ಆಫೀಸಿನಲ್ಲಿ ಅವರನ್ನು ಎಲ್ಲರೂ ಕರೆಯುವುದು ಫೋನಕ್ಕ ಎಂದೇ. ಮೊಬೈಲ್ ಆ್ಯಪ್ ತಯಾರಿಸುವ ಆ ಕಂಪನಿಯ ಸಹಾಯವಾಣಿಯಲ್ಲಿ ಹನ್ನೊಂದು ವರ್ಷ ಕೂತು, ಕಂಡಕಂಡವರ ಬೈಗುಳವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡವರು. ಕಂಪ್ಯೂಟರ್ ಓದಿದವರಲ್ಲ. ಆದರೆ ಪರದೆಯ ಮೇಲೆ ‘ದೋಷ ಸಂಖ್ಯೆ ಮುನ್ನೂರ ಹನ್ನೆರಡು’ ಎಂದು ಬಂದರೆ ಜನ ಏನು ಮಾಡುತ್ತಾರೆಂದು ಅವರಷ್ಟು ಬಲ್ಲವರು ಆ ಕಟ್ಟಡದಲ್ಲಿ ಇನ್ನೊಬ್ಬರಿರಲಿಲ್ಲ. ಜನ ಆ ಸಂಖ್ಯೆಯನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಮೂರು ದಿನ ಹೆದರಿ ಫೋನೇ ಮುಟ್ಟುವುದಿಲ್ಲ. ನಾಲ್ಕನೇ ದಿನ ಕರೆ ಮಾಡಿ, “ನನ್ನಿಂದ ಏನ್ ತಪ್ಪಾಯ್ತಮ್ಮ?” ಎಂದು ಕೇಳುತ್ತಾರೆ.

ತಪ್ಪು ಇವರದಂತೆ! ಇದನ್ನು ಕೇಳಿ ಕೇಳಿ ರೋಸಿಹೋದ ಫೋನಕ್ಕ ಒಂದು ದಿನ ಸೀದಾ ಮಾಲೀಕರ ಕೋಣೆಗೆ ನುಗ್ಗಿ, “ಆ ಸಂದೇಶಗಳನ್ನ ನಂಗೆ ಕೊಡಿ. ಮನುಷ್ಯರಿಗೆ ಅರ್ಥ ಆಗೋ ಹಾಗೆ ಬರೀತೀನಿ” ಎಂದರು. ಪುಣ್ಯಾತ್ಮ ಕೊಟ್ಟರು. ನಂಬಿಕೆಯಾಗದ್ದು ಮನೆಯಲ್ಲಿ ಅತ್ತೆಗೆ ಮಾತ್ರ.

“ಕೆಟ್ಟೋಗಿದೆ ಅಂತ ಹೇಳೋದಕ್ಕೂ ಸಂಬಳ ಕೊಡ್ತಾರೇನೇ? ಹಾಗಿದ್ರೆ ನನ್ನ ಮಗ ಇಷ್ಟೊತ್ತಿಗೆ ಸಾಹುಕಾರ ಆಗಿರ್ಬೇಕಿತ್ತು.”

ಮಿಕ್ಸಿ ರಿಪೇರಿ ಮಾಡುವ ಆ ಮಗ ತಟ್ಟೆಯಿಂದ ತಲೆ ಎತ್ತದೆ ನಗುತ್ತಿದ್ದ.

ಫೋನಕ್ಕನದು ಒಂದೇ ಪದ್ಧತಿ. ಮೇಜಿನ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿಕೊಂಡಿದ್ದರು. ಸಂದೇಶ ಬರೆದಾದ ಮೇಲೆ ಕಂಪ್ಯೂಟರಿನ ಗಂಧಗಾಳಿ ಇಲ್ಲದ ಯಾರನ್ನಾದರೂ ಅಲ್ಲಿ ಕೂರಿಸಿ ತೋರಿಸುವುದು, “ಈಗ ಏನ್ ಮಾಡ್ತೀರಿ?” ಎಂದು ಕೇಳುವುದು. ಅರ್ಥವಾಯಿತೇ ಎಂದು ಅಪ್ಪಿತಪ್ಪಿಯೂ ಕೇಳುವವರಲ್ಲ. ಹಾಗೆ ಕೇಳಿದರೆ ಮರ್ಯಾದೆಗೆ ಅಂಜಿ ಎಲ್ಲರೂ ಹೂಂಗುಟ್ಟುತ್ತಾರೆ. ಬಾಯಿಗಿಂತ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು, ಅಷ್ಟೇ.

ಆ ಸಲ ತಯಾರಾಗುತ್ತಿದ್ದದ್ದು ಸಕ್ಕರೆ ಕಾಯಿಲೆಯವರಿಗಾಗಿ ಒಂದು ಆ್ಯಪ್. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಎಷ್ಟು ತೆಗೆದುಕೊಂಡೆವೆಂದು ಅದರಲ್ಲಿ ಬರೆದರೆ ಡಾಕ್ಟರಿಗೆ ತಲುಪುತ್ತಿತ್ತು. ಮರುದಿನ ಬೆಳಿಗ್ಗೆ ಬಿಡುಗಡೆ. ನೆಟ್‌ವರ್ಕ್ ಇಲ್ಲದಾಗ ಬರುವ ಸಂದೇಶವನ್ನು ಫೋನಕ್ಕನೇ ಬರೆದಿದ್ದರು: ‘ಇನ್ಸುಲಿನ್ ದಾಖಲಾಗಲಿಲ್ಲ. ದಯವಿಟ್ಟು ಮತ್ತೆ ಪ್ರಯತ್ನಿಸಿ.’ ಸಂಖ್ಯೆ ಇಲ್ಲ, ಗದರಿಕೆ ಇಲ್ಲ. ಬರೆದು ಒಳಗೊಳಗೇ ಬೀಗಿದ್ದೂ ಉಂಟು. ಶಾಸ್ತ್ರಕ್ಕೆಂಬಂತೆ ಮಧ್ಯಾಹ್ನ ಗೇಟ್ ತಾತನನ್ನು ಕರೆದು ಕೂರಿಸಿದರು. ತಾತ ಆಫೀಸಿನ ಕಾವಲುಗಾರರು. ಒಂಬತ್ತು ವರ್ಷದಿಂದ ಅವರಿಗೂ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್.

“ಬೆಳಿಗ್ಗೆ ಚುಚ್ಕೊಂಡ್ರಿ, ಎಷ್ಟು ಅಂತ ಫೋನಲ್ಲಿ ಒತ್ತಿದ್ರಿ, ಇದು ಬಂತು. ಈಗ ಏನ್ ಮಾಡ್ತೀರಿ ತಾತ?”

ತಾತ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಆಮೇಲೆ ಅಂಗಿಯ ಕೆಳಗಿನ ಗುಂಡಿ ಬಿಚ್ಚಿ, ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದರು.

“ಏನ್ ತಾತ ಇದು?”

“ಮೊದಲನೇದು ಸರಿಯಾಗಿ ಹೋಗ್ಲಿಲ್ಲ ಅಂತಿದೆಯಲ್ಲಮ್ಮ. ಇನ್ನೊಂದ್ಸಲ ಚುಚ್ಕೋಬೇಕಲ್ಲ.”

ಫೋನಕ್ಕ ಪರದೆಯನ್ನು ಇನ್ನೊಮ್ಮೆ ಓದಿದರು. ಇನ್ಸುಲಿನ್ ಎರಡು ಪಟ್ಟು ಹೋದರೆ ಸಕ್ಕರೆ ಪಾತಾಳಕ್ಕಿಳಿದು ಮನುಷ್ಯ ಕೂತಲ್ಲೇ ಪ್ರಜ್ಞೆ ತಪ್ಪುತ್ತಾನೆ. ಜೀವ ಹೋದರೂ ಹೋಯಿತು. ಬರೆದವರು ಬೇರೆ ಯಾರೂ ಅಲ್ಲ, ತಾವೇ.

ಎದ್ದೆನೋ ಬಿದ್ದೆನೋ ಎಂದು ತಂಡದ ಮುಖ್ಯಸ್ಥನಾಗಿದ್ದ ಹುಡುಗನ ಬಳಿ ಓಡಿದರು. ಅವನು ಕತ್ತೆತ್ತದೆ, “ನಾಳೆ ಬಿಡುಗಡೆ ಅಕ್ಕ, ಇನ್ನು ಒಂದಕ್ಷರಾನೂ ಮುಟ್ಟೋ ಹಾಗಿಲ್ಲ. ಅಷ್ಟಕ್ಕೂ ಯಾರ್ ಹಾಗೆ ಮಾಡ್ತಾರೆ?” ಎಂದ.

ಫೋನಕ್ಕ ವಾದಕ್ಕೆ ಇಳಿಯಲಿಲ್ಲ. ತಾತನನ್ನು ಕರೆತಂದು ಅವನೆದುರು ಕೂರಿಸಿ, ಅದೇ ಪರದೆ ತೋರಿಸಿ, ಅದೇ ಪ್ರಶ್ನೆ ಕೇಳಿದರು. ಈ ಹೆಂಗಸಿಗೆ ಒಂದೇ ವಿಷಯ ಎಷ್ಟು ಸಲ ಹೇಳುವುದು ಎಂಬಂತೆ ನೋಡಿ, ತಾತ ಮತ್ತೆ ಹೊಟ್ಟೆ ಹಿಡಿದರು. ಹುಡುಗ ಕೀಲಿಮಣೆಯಿಂದ ಕೈ ತೆಗೆದ. ಕೆಟ್ಟವನೇನಲ್ಲ. ಬಿಡುಗಡೆಯನ್ನು ಎರಡು ದಿನ ಮುಂದೂಡಿ, ಮಾಲೀಕರ ಕೈಲಿ ತಾನೇ ಬೈಸಿಕೊಂಡ.

ಆ ಎರಡು ದಿನ ಮೂವರೂ ಒಂದೇ ಮೇಜಿಗೆ ಕೂತರು. ‘ಇನ್ಸುಲಿನ್ ದೇಹಕ್ಕೆ ಸೇರಿದೆ, ಹೆದರಬೇಡಿ’ ಎಂದು ಫೋನಕ್ಕ ಬರೆದರೆ, “ಅದು ಫೋನಿಗೆ ಹೇಗ್ ಗೊತ್ತಾಗುತ್ತೆ ಅಕ್ಕ? ಗೊತ್ತಿಲ್ಲದ್ದನ್ನ ಹೇಳ್ಬಾರ್ದು” ಎಂದ ಹುಡುಗ. ಮಾತು ನ್ಯಾಯವಾಗಿತ್ತು. ಬರೆದದ್ದು ಕಳೆದುಹೋಗದೆ ಫೋನಿನಲ್ಲೇ ಉಳಿಯುವಂತೆ ಅವನು ಮಾಡಿಕೊಟ್ಟ. ಫೋನಕ್ಕ ಅದನ್ನೆಲ್ಲ ವಿವರಿಸಿ, ಚುಚ್ಚಿಕೊಳ್ಳಬೇಡಿ ಎಂಬುದನ್ನು ಕೊನೆಗೆ ಬರೆದರು. ತಾತ ಅಡ್ಡಡ್ಡ ತಲೆಯಾಡಿಸಿದರು.

“ಬೇಡ ಅನ್ನೋದನ್ನ ಮೊದಲು ಹಾಕಮ್ಮ. ಸೂಜಿ ಕೈಯಲ್ಲಿ ಹಿಡ್ಕೊಂಡೋನು ಕೊನೇ ತನಕ ಓದ್ತಾನಾ?”

ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ ಇದನ್ನು? ಹಾಗೆಯೇ ಹಾಕಿದರು: ‘ಇನ್ನೊಮ್ಮೆ ಚುಚ್ಚಿಕೊಳ್ಳಬೇಡಿ. ನೀವು ಬರೆದದ್ದು ಈ ಫೋನಿನಲ್ಲೇ ಇದೆ. ನೆಟ್‌ವರ್ಕ್ ಬಂದಾಗ ತಾನಾಗಿ ಡಾಕ್ಟರಿಗೆ ಹೋಗುತ್ತದೆ.’

ತಿಂಗಳು ಕಳೆದಿತ್ತು. ಒಂದು ಬೆಳಿಗ್ಗೆ ಸಹಾಯವಾಣಿಗೆ ಬಂದ ಕರೆಯನ್ನು ಫೋನಕ್ಕನಿಗೇ ಕೊಟ್ಟರು. ಆ ಕಡೆ ಒಬ್ಬ ಹೆಂಗಸು.

“ನೆಟ್‌ವರ್ಕ್ ಇರ್ಲಿಲ್ಲ ಕಣಮ್ಮ. ಫೋನಲ್ಲಿ ಕೆಂಪಕ್ಷರ ಕಂಡಿದ್ದೇ ತಡ, ನಮ್ಮನೆಯವರು ಇನ್ಸುಲಿನ್ ಹೋಗಿಲ್ಲ ಅಂದ್ಕೊಂಡು ಇನ್ನೊಂದು ಸೂಜಿ ತೆಗೆದ್ರು. ಅಷ್ಟರಲ್ಲಿ ಮೊದಲನೇ ಸಾಲು ಓದಿ ಕೆಳಗಿಟ್ರು. ಇವರು ಹಾಗ್ ಮಾಡ್ತಾರೆ ಅಂತ ಆ ಫೋನಿಗೆ ಹೇಗ್ ಗೊತ್ತಾಯ್ತು?”

ಅಂದು ತಾತ ಸುಮ್ಮನೆ ಹೂಂ ಎಂದು ಎದ್ದುಹೋಗಿದ್ದರೆ? ಈ ಋಣ ಹೇಗೆ ತೀರಿಸುವುದೋ ತಿಳಿಯದೆ ಫೋನಕ್ಕನ ಕಣ್ಣು ತುಂಬಿತು.

“ಫೋನಿಗೆ ಗೊತ್ತಿಲ್ಲಮ್ಮ. ಗೊತ್ತಿದ್ದವರನ್ನೇ ಕರೀತೀನಿ, ಒಂದ್ನಿಮಿಷ ಇರಿ.”

ಗೇಟಿನ ತನಕ ನಡೆದುಹೋಗಿ ಫೋನನ್ನು ತಾತನ ಕೈಗಿಟ್ಟರು. ತಾತ ಸ್ಟೂಲಿನಿಂದ ಎದ್ದುನಿಂತು, ಆ ಹೆಂಗಸು ಹೇಳಿದ್ದನ್ನೆಲ್ಲ ಕಡೆಯವರೆಗೂ ಕೇಳಿದರು.

“ನಾನೂ ಹಾಗೇ ಮಾಡೋಕೆ ಹೊರಟಿದ್ದೆ ತಾಯಿ,” ಎಂದರು. “ಚುಚ್ಕೊಂಡ್ಮೇಲೆ ಅವರು ತಿಂಡಿ ತಿಂದ್ರಾ?”